ನೂರು ಕಿಲೊಮೀಟರ್ ಸೈಕಲ್ ದಾರಿ: ಜರ್ಮನಿಗೂ ಮುಗಿಸಲಾಗದ್ದು ಏಕೆ?

ಸೈಕಲ್ ದಾರಿಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಎಳೆದು ತರುವ ಉದಾಹರಣೆಗಳಲ್ಲಿ ಜರ್ಮನಿಯ ‘ಸೈಕಲ್ ಆಟೊಬಾನ್’, ಅಂದರೆ ಸೈಕಲ್ ಹೆದ್ದಾರಿ, ಒಂದು. ರೂರ್ ಪ್ರದೇಶದ ಪಶ್ಚಿಮಕ್ಕಿರುವ ಡೂಯಿಸ್‌ಬರ್ಗ್‌ನಿಂದ ಪೂರ್ವದ ಹಮ್‌ವರೆಗೆ ಸುಮಾರು 101 ಕಿ.ಮೀ. ಉದ್ದ, ಕಾರು-ಲಾರಿಗಳ ಕಾಟವಿಲ್ಲದೆ ಊರಿಂದೂರಿಗೆ ಹೋಗಬಹುದಾದ ದಾರಿ ಎಂದು 2015ರಲ್ಲಿ ಜಗತ್ತಿನ ಪತ್ರಿಕೆಗಳು ಬರೆದವು. 2020ರ ಹೊತ್ತಿಗೆ ಮುಗಿಯಬೇಕಿತ್ತು. ಆ ಗಡುವು ದಾಟಿ ವರ್ಷಗಳೇ ಆದವು. ಎಡೆಬಿಡದೆ ಸವಾರಿ ಮಾಡಬಹುದಾದ ಭಾಗ ಈಗಲೂ ಚಿಕ್ಕದು. ಉಳಿದಂತೆ ಅಲ್ಲೊಂದು ಇಲ್ಲೊಂದು ತುಂಡು; ಅದರಾಚೆಗೆ ನಕ್ಷೆ, ಸಭೆ, ಕಡತ.

ವಿಳಂಬದ ಸುದ್ದಿ ಓದಿದವರಿಗೆ ಗೊಂದಲ ಸಹಜ. ದೇಶ ಶ್ರೀಮಂತವಾದದ್ದು. ಬಹಳಷ್ಟು ಜಾಗ ಹಳೇ ರೈಲು ದಾರಿಯ ರೂಪದಲ್ಲಿ ಖಾಲಿಯೇ ಬಿದ್ದಿದೆ. ಮೇಲುಸೇತುವೆಗೋ ಸುರಂಗಕ್ಕೋ ಹೋಲಿಸಿದರೆ ಖರ್ಚು ಜುಜುಬಿ. ಆದರೂ ಆಗುತ್ತಿಲ್ಲವೆಂದರೆ? ‘ಅಲ್ಲೇ ಆಗಲಿಲ್ಲ, ಇಲ್ಲೇನು ಆದೀತು’ ಎಂದು ಕೆಲವರು ಕೈ ಚೆಲ್ಲುತ್ತಾರೆ. ‘ಅಧಿಕಾರಿಗಳಿಗೆ ಮನಸ್ಸಿಲ್ಲ’ ಎಂದು ಇನ್ನು ಕೆಲವರು ಬಯ್ಯುತ್ತಾರೆ. ಎರಡೂ ಅರ್ಧ ಸತ್ಯ. ಇಂಥ ದಾರಿ ಕುಂಟುವುದು ಡಾಂಬರಿನ ಕೊರತೆಯಿಂದಲ್ಲ. ಅದು ಹಾದುಹೋಗುವ ಪ್ರತಿ ಊರಿಗೂ ಸ್ವಲ್ಪ ಸ್ವಲ್ಪ ಸೇರಿದ್ದು, ಪೂರ್ತಿಯಾಗಿ ಯಾರಿಗೂ ಸೇರಿದ್ದಲ್ಲ.

ಹೆದ್ದಾರಿ ಮುಚ್ಚಿದ ಆ ಭಾನುವಾರ

ರೂರ್ ಎಂದರೆ ಒಂದು ಕಾಲದ ಕಲ್ಲಿದ್ದಲು, ಉಕ್ಕಿನ ನಾಡು. ಮ್ಯೂಲ್‌ಹೈಮ್, ಎಸ್ಸೆನ್, ಗೆಲ್ಸನ್‌ಕಿರ್ಶನ್, ಬೋಖುಮ್, ಡಾರ್ಟ್‌ಮಂಡ್ ಎಲ್ಲವೂ ಒಂದಕ್ಕೊಂದು ಅಂಟಿಕೊಂಡ ನಗರಗಳು. ಒಂದರ ಬೀದಿ ಎಲ್ಲಿ ಮುಗಿದು ಇನ್ನೊಂದರದು ಎಲ್ಲಿ ಶುರುವಾಯಿತು ಎಂದು ಹೊಸಬರಿಗೆ ತಿಳಿಯದು. ಈ ನಗರಗಳನ್ನು ಪೋಣಿಸುವುದು ಎ-40 ಹೆದ್ದಾರಿ. ಅದರ ಟ್ರಾಫಿಕ್ ಜಾಮ್ ಆ ಸೀಮೆಯಲ್ಲಿ ನಮ್ಮ ಸಿಲ್ಕ್ ಬೋರ್ಡ್‌ನಷ್ಟೇ ಪ್ರಸಿದ್ಧ.

2010ರಲ್ಲಿ ರೂರ್ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿತ್ತು. ಆ ವರ್ಷದ ಜುಲೈ 18ರ ಭಾನುವಾರ ಎ-40ರ ಸುಮಾರು 60 ಕಿ.ಮೀ. ಭಾಗವನ್ನು ವಾಹನಗಳಿಗೆ ಮುಚ್ಚಿದರು. ಒಂದು ಬದಿಯಲ್ಲಿ ಉದ್ದಕ್ಕೂ ಊಟದ ಮೇಜುಗಳು, ಇನ್ನೊಂದು ಬದಿ ಸೈಕಲ್ಲಿಗೆ. ಬಂದವರು ಸುಮಾರು 30 ಲಕ್ಷ. ಇಷ್ಟು ಜನಕ್ಕೆ ಊರಿಂದೂರಿಗೆ ಸೈಕಲ್ ತುಳಿಯುವ ಆಸೆ ಇದೆಯೆಂದಾದರೆ ಅದಕ್ಕೇ ಒಂದು ದಾರಿ ಏಕಿರಬಾರದು ಎಂಬ ಯೋಚನೆಗೆ ಬಲ ಬಂದದ್ದು ಆಗ.

ಈ ನಗರಗಳೆಲ್ಲ ಸೇರಿ ನಡೆಸುವ ರೂರ್ ಪ್ರಾದೇಶಿಕ ಒಕ್ಕೂಟ ಕಾರ್ಯಸಾಧ್ಯತಾ ವರದಿ ಮಾಡಿಸಿತು. 2014ರಲ್ಲಿ ಹೊರಬಂದ ವರದಿಯ ಅಂದಾಜು ಹೀಗಿತ್ತು: ವೆಚ್ಚ ಸುಮಾರು 18.4 ಕೋಟಿ ಯೂರೊ, ದಾರಿಯ ಎರಡೂ ಬದಿ ಎರಡು ಕಿ.ಮೀ. ಒಳಗೆ ವಾಸಿಸುವವರು 16 ಲಕ್ಷಕ್ಕೂ ಹೆಚ್ಚು, ದಿನಕ್ಕೆ ಕಡಿಮೆಯಾಗುವ ಕಾರು ಓಡಾಟ 50 ಸಾವಿರದಷ್ಟು. ಹಾಕಿದ ಒಂದು ಯೂರೊಗೆ ಸುಮಾರು 4.8 ಯೂರೊ ಸಾಮಾಜಿಕ ಲಾಭ ಎಂದೂ ಲೆಕ್ಕ ಹಾಕಿದ್ದರು. ಇಂಥ ಲೆಕ್ಕಗಳಿಗೆಲ್ಲ ಒಂದು ಷರತ್ತು ಅಂಟಿಕೊಂಡಿರುತ್ತದೆ. ದಾರಿ ಈ ತುದಿಯಿಂದ ಆ ತುದಿಗೆ ಪೂರ್ತಿ ಆಗಿರಬೇಕು. ಪತ್ರಿಕೆಗಳ ತಲೆಬರಹದಲ್ಲಿ ಆ ಷರತ್ತು ಬರಲಿಲ್ಲ.

ಆರು ಮೀಟರ್ ಅಗಲದ ಜಗಳ

ರಸ್ತೆ ಅಂಚಿಗೆ ಹಸಿರು ಬಣ್ಣ ಬಳಿದು ಸೈಕಲ್ ಚಿತ್ರ ಬರೆದರೆ ಆಯಿತು ಎಂಬಂಥ ಪಥ ಇದಲ್ಲ. ಸೈಕಲ್ಲಿಗೆ ನಾಲ್ಕು ಮೀಟರ್, ಪಕ್ಕದಲ್ಲಿ ನಡೆಯುವವರಿಗೆ ಬೇರೆಯಾಗಿ ಎರಡು ಮೀಟರ್ ಎಂಬುದು ಇದರ ಅಳತೆ. ನಾಲ್ಕು ಮೀಟರ್ ಏಕೆ? ಇಬ್ಬರು ಮಾತಾಡುತ್ತ ಜೊತೆಜೊತೆಯಾಗಿ ಹೋಗುತ್ತಿರುವಾಗ ಎದುರಿನಿಂದ ಬರುವವರಿಗೆ ಜಾಗ ಇರಬೇಕು. ಅವಸರದಲ್ಲಿರುವವರು ಹಿಂದಿನಿಂದ ಬಂದರೆ ದಾಟಲು ಆಗಬೇಕು. ನಡೆಯುವವರನ್ನು ಬೇರೆ ಮಾಡಿದ್ದಕ್ಕೂ ಕಾರಣವಿದೆ. ಮೋಟಾರ್ ನೆರವಿನ ಸೈಕಲ್ ಗಂಟೆಗೆ 25 ಕಿ.ಮೀ. ವೇಗದಲ್ಲಿ ಸದ್ದಿಲ್ಲದೆ ಬರುತ್ತದೆ. ಮೊಮ್ಮಗುವಿನ ಕೈ ಹಿಡಿದು ನಿಧಾನ ನಡೆಯುವ ಅಜ್ಜಿಗೂ ಅದಕ್ಕೂ ಒಂದೇ ಪಟ್ಟಿ ಕೊಟ್ಟರೆ ಮೊದಲು ದಾರಿ ಬಿಡುವವರು ಅಜ್ಜಿಯೇ.

ಜರ್ಮನಿಯ ಮಾರ್ಗಸೂಚಿಯಲ್ಲಿ ಇನ್ನೊಂದು ಲೆಕ್ಕವಿದೆ. ನನ್ನ ಮಟ್ಟಿಗೆ ಅಗಲಕ್ಕಿಂತ ಮುಖ್ಯವಾದದ್ದು ಅದೇ. ಸಿಗ್ನಲ್‌ನಲ್ಲಿ ನಿಂತು, ತಿರುವಿನಲ್ಲಿ ನಿಧಾನಿಸಿ ಕಳೆಯುವ ಸಮಯ ಊರೊಳಗೆ ಕಿಲೊಮೀಟರಿಗೆ ಸರಾಸರಿ 30 ಸೆಕೆಂಡ್, ಊರಾಚೆ 15 ಸೆಕೆಂಡ್ ಮೀರಬಾರದು. ಅಂದರೆ ಊರೊಳಗಿನ ಹತ್ತು ಕಿ.ಮೀ. ದಾರಿಯಲ್ಲಿ ಒಟ್ಟು ಐದೇ ನಿಮಿಷ ನಿಲ್ಲಬಹುದು. ನಿತ್ಯ ಕೆಲಸಕ್ಕೆ ಹೋಗುವವರು ಕಾರು ಬಿಟ್ಟು ಸೈಕಲ್ ಹಿಡಿಯುವುದು ‘ಎಷ್ಟು ಹೊತ್ತಿಗೆ ಮುಟ್ಟುತ್ತೇನೆ’ ಎಂಬುದು ಖಾತ್ರಿಯಾದಾಗ. ಒಂದು ಕೆಟ್ಟ ಕೂಡುರಸ್ತೆಯಲ್ಲಿ ಎರಡು ಸಲ ಕೆಂಪು ದೀಪ ಬಿದ್ದರೆ ಮೂರ್ನಾಲ್ಕು ಕಿಲೊಮೀಟರ್‌ನಲ್ಲಿ ಉಳಿಸಿದ ಸಮಯ ಹೋಯಿತು.

ಅಗಲಕ್ಕೆ ಜಾಗ ಬೇಕು, ನಿಲ್ಲದಂತೆ ಹೋಗಲು ಸೇತುವೆಯೋ ಕೆಳಸೇತುವೆಯೋ ಸಿಗ್ನಲ್‌ನಲ್ಲಿ ಆದ್ಯತೆಯೋ ಬೇಕು. ಮೊದಲನೆಯದಕ್ಕೆ ನಿಲುಗಡೆ ಜಾಗ ಹೋಗುತ್ತದೆ, ಎರಡನೆಯದಕ್ಕೆ ಕಾರುಗಳು ಕಾಯಬೇಕಾಗುತ್ತದೆ. ಹಾಗಾಗಿ ಗುಣಮಟ್ಟ ಏರಿದಷ್ಟೂ ತಕರಾರು ಏರುತ್ತದೆ. ಗುಣಮಟ್ಟ ಇಳಿಸಿದರೆ ತಕರಾರು ಕಡಿಮೆಯಾಗಿ ದಾರಿ ಬೇಗ ಆಗುತ್ತದೆ, ಆದರೆ ಅದರಲ್ಲಿ ಬರುವವರೂ ಕಡಿಮೆ.

ಹಳಿ ಕಿತ್ತರೂ ಜಾಗ ರೈಲ್ವೆಯದೇ

ಮೊದಲು ತಯಾರಾದದ್ದು ಎಸ್ಸೆನ್-ಮ್ಯೂಲ್‌ಹೈಮ್ ನಡುವಿನ ಭಾಗ. ಅಲ್ಲಿ ‘ರೈನಿಶ್ ಬಾನ್’ ಎಂಬ ಹಳೇ ರೈಲು ದಾರಿ ನಿರುಪಯುಕ್ತವಾಗಿ ಬಿದ್ದಿತ್ತು. ರೈಲಿಗಾಗಿ ಕಟ್ಟಿದ ದಾರಿಗೆ ಏರು ಕಡಿಮೆ, ಅಡ್ಡರಸ್ತೆಗಳ ಮೇಲೆ ಸೇತುವೆಗಳು ಮೊದಲೇ ಇವೆ, ಊರ ನಡುವಿನಿಂದಲೇ ಹೋಗುತ್ತದೆ. ಸೈಕಲ್ಲಿಗೆ ಇದಕ್ಕಿಂತ ಒಳ್ಳೆಯ ಜಾಗ ಹುಡುಕಿದರೂ ಸಿಗದು. 2015ರ ನವೆಂಬರಿನಲ್ಲಿ ಇದನ್ನು ಅದ್ಧೂರಿಯಾಗಿ ಉದ್ಘಾಟಿಸಿದರು. ಆಮೇಲೆ ಮ್ಯೂಲ್‌ಹೈಮ್ ಮುಖ್ಯ ರೈಲು ನಿಲ್ದಾಣದವರೆಗೆ, 2019ರಲ್ಲಿ ರೂರ್ ನದಿಯ ಮೇಲಿನ ಹಳೇ ರೈಲು ಸೇತುವೆ ದಾಟಿ ಆಚೆ ದಡದ ಕಾಲೇಜಿನವರೆಗೆ ದಾರಿ ಬೆಳೆಯಿತು. ಮ್ಯೂಲ್‌ಹೈಮ್‌ನಲ್ಲಿ ದಾರಿ ಕಲ್ಲಿನ ಕಮಾನುಗಳ ಮೇಲೆ ಸಾಗುತ್ತದೆ. ಕೆಳಗೆ ಬೀದಿಯ ಗಲಾಟೆ, ಮೇಲೆ ಸೈಕಲ್ಲು, ತಳ್ಳುಗಾಡಿಯಲ್ಲಿ ಮಕ್ಕಳು, ಓಡುವವರು. ಪತ್ರಿಕೆಗಳಲ್ಲಿ ಬರುವ ಫೋಟೊಗಳಲ್ಲಿ ಬಹುಪಾಲು ಈ ಭಾಗದವೇ. ಉಳಿದ ದಾರಿಯೂ ಹೀಗೆ ಇದೆ ಎಂಬ ಭ್ರಮೆ ಹುಟ್ಟಿದ್ದೂ ಅದರಿಂದಲೇ.

ಆದರೆ ಹಳಿ ಕಿತ್ತ ಮಾತ್ರಕ್ಕೆ ಜಾಗ ಊರಿನದಾಗುವುದಿಲ್ಲ. ಜರ್ಮನಿಯಲ್ಲಿ ರೈಲ್ವೆಗೆಂದು ಗುರುತಿಸಿದ ನೆಲವನ್ನು ಬೇರೆ ಕೆಲಸಕ್ಕೆ ಬಳಸಬೇಕಾದರೆ ‘ಇದು ಇನ್ನು ರೈಲಿಗೆ ಬೇಡ’ ಎಂಬ ಅಧಿಕೃತ ಬಿಡುಗಡೆ ಸಿಗಬೇಕು. 2023ರ ಕೊನೆಯಲ್ಲಿ ಕಾನೂನು ತಿದ್ದುಪಡಿಯಾಗಿ ಈ ಬಿಡುಗಡೆ ಇನ್ನೂ ಕಷ್ಟವಾಯಿತು. ಉದ್ದೇಶ ಒಳ್ಳೆಯದೇ: ಮುಂದೆ ರೈಲು ಮತ್ತೆ ಬೇಕಾದರೆ ಜಾಗ ಕೈತಪ್ಪಬಾರದು. ಪರಿಣಾಮ ಮಾತ್ರ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ. ಪರಿಸರಕ್ಕಾಗಿ ರೈಲು ಉಳಿಸುವ ಕಾನೂನು, ಪರಿಸರಕ್ಕಾಗಿಯೇ ಬೇಕೆನ್ನುವ ಸೈಕಲ್ ದಾರಿಗೆ ಅಡ್ಡ ನಿಂತಿತು. ಹಳೇ ರೈಲು ಜಾಗದಲ್ಲಿ ಮನೆ ಕಟ್ಟಲು ಹೊರಟಿದ್ದ ಊರುಗಳೂ ಕೂಗೆಬ್ಬಿಸಿದವು. 2025ರಲ್ಲಿ ಅದನ್ನು ಸಡಿಲಿಸಬೇಕಾಯಿತು.

ದರ್ಜೆ ಏರಿತು, ಕಡತವೂ ದಪ್ಪವಾಯಿತು

ಮೊದಲ ಪ್ರಶ್ನೆ ಎದ್ದದ್ದು ಯಜಮಾನಿಕೆಯದು. ದಾರಿ ಕಟ್ಟುವುದು ಯಾರು, ಮಂಜು ಸರಿಸುವುದು ಯಾರು, ದೀಪ ಕೆಟ್ಟರೆ ಬದಲಿಸುವುದು ಯಾರು? ಗಣಿ ಮುಚ್ಚಿದ ಮೇಲೆ ರೂರ್‌ನ ಅನೇಕ ಪುರಸಭೆಗಳು ಸಾಲದಲ್ಲಿ ಮುಳುಗಿವೆ. ತಮ್ಮ ಗಡಿಯೊಳಗಿನ ಕೆಲವೇ ಕಿಲೊಮೀಟರ್‌ಗೆ, ಅದೂ ಪಕ್ಕದೂರಿನವರು ಹೆಚ್ಚು ಬಳಸುವ ದಾರಿಗೆ, ದುಡ್ಡು ಸುರಿಯಲು ಅವಕ್ಕೆ ಉತ್ಸಾಹವಿರಲಿಲ್ಲ.

ನಾರ್ತ್ ರೈನ್-ವೆಸ್ಟ್‌ಫೇಲಿಯಾ ರಾಜ್ಯ 2016ರಲ್ಲಿ ರಸ್ತೆ ಕಾಯ್ದೆ ತಿದ್ದಿ, ಇಂಥ ಸೈಕಲ್ ದಾರಿಗಳಿಗೆ ರಾಜ್ಯ ಹೆದ್ದಾರಿಗೆ ಸಮನಾದ ದರ್ಜೆ ಕೊಟ್ಟಿತು. ರಾಜ್ಯದ ರಸ್ತೆ ಇಲಾಖೆ ಹೊಣೆ ಹೊತ್ತಿತು. ಮರುವರ್ಷ ಕೇಂದ್ರವೂ ತನ್ನ ಹೆದ್ದಾರಿ ಕಾಯ್ದೆಗೆ ತಿದ್ದುಪಡಿ ತಂದು ವರ್ಷಕ್ಕೆ 2.5 ಕೋಟಿ ಯೂರೊ ಅನುದಾನ ಎತ್ತಿಟ್ಟಿತು. ದೇಶದ ಎಲ್ಲ ಇಂಥ ದಾರಿಗಳಿಗೂ ಸೇರಿ ಇಷ್ಟು. ದುಡ್ಡಿನ ಮಟ್ಟಿಗೆ ಗಂಟು ಬಿಚ್ಚಿತು.

ಆದರೆ ಹೆದ್ದಾರಿಯ ದರ್ಜೆಯ ಜೊತೆಗೆ ಹೆದ್ದಾರಿಯ ವಿಧಿವಿಧಾನವೂ ಬಂತು. ಯೋಜನಾ ಅನುಮೋದನೆ ಎಂದರೆ ನಕ್ಷೆ ಪ್ರಕಟಿಸಬೇಕು, ಆಕ್ಷೇಪಣೆ ಕರೆಯಬೇಕು, ಪ್ರತಿಯೊಂದಕ್ಕೂ ಲಿಖಿತ ಉತ್ತರ ಕೊಡಬೇಕು, ಒಪ್ಪದವರು ಕೋರ್ಟಿಗೆ ಹೋಗಬಹುದು. ದಾರಿಯಲ್ಲಿ ಬಾವಲಿ, ಹಲ್ಲಿಗಳ ಸಂರಕ್ಷಿತ ಜಾತಿಗಳಿವೆಯೇ ಎಂದು ನೋಡಲು ಒಂದು ಇಡೀ ಋತುಚಕ್ರ ಕಾಯಬೇಕು. ಮಾರ್ಗ ಸ್ವಲ್ಪ ಬದಲಾಯಿತೋ, ಆ ಭಾಗಕ್ಕೆ ಮತ್ತೆ ಸಮೀಕ್ಷೆ. ಇಷ್ಟೆಲ್ಲ ಮಾಡಲು ಬೇಕಾದ ಯೋಜನಾ ಎಂಜಿನಿಯರ್‌ಗಳು ಸಾಕಷ್ಟಿಲ್ಲ. ಇರುವವರ ಮೇಜಿನ ಮೇಲೆ ಶಿಥಿಲ ಸೇತುವೆಗಳ ಕಡತ ಮೊದಲು ಕೂತಿರುತ್ತದೆ. ಮೇಲಾಗಿ ಹೊಣೆ ಪೂರ್ತಿ ಒಂದೇ ಕೈಗೆ ಬಂದೂ ಇಲ್ಲ. ಕೆಲವು ಭಾಗದ ಯೋಜನೆ ರಾಜ್ಯದ್ದು, ಕೆಲವು ಭಾಗದ್ದು ಆಯಾ ನಗರದ್ದು. ಎರಡರ ವೇಗ ಬೇರೆ, ಆದ್ಯತೆ ಬೇರೆ.

ಬೇಡ ಎನ್ನುವವರು ಯಾರು

ತಾತ್ವಿಕವಾಗಿ ಬೇಡ ಎನ್ನುವವರು ಹೆಚ್ಚಿಲ್ಲ. ಎಲ್ಲರೂ ‘ದಾರಿ ಬೇಕು, ಆದರೆ’ ಎನ್ನುವವರೇ. ಡಾರ್ಟ್‌ಮಂಡ್‌ನಲ್ಲಿ ಹಳೇ ರೈಲು ಜಾಗವಿಲ್ಲದ ಕಡೆ ದಾರಿ ಜನವಸತಿಯ ಬೀದಿಗಳಿಗೆ ಇಳಿಯುತ್ತದೆ. ಅಲ್ಲಿ ಬೀದಿಯನ್ನೇ ‘ಸೈಕಲ್ ಬೀದಿ’ ಮಾಡಬೇಕು: ಕಾರು ಬರಬಹುದು, ಆದರೆ ಆದ್ಯತೆ ಸೈಕಲ್ಲಿಗೆ. ಅಗಲ ಹೊಂದಿಸಲು ಮನೆ ಮುಂದೆ ನಿಲ್ಲಿಸುತ್ತಿದ್ದ ಕಾರುಗಳಿಗೆ ಜಾಗ ಕಡಿಮೆ ಮಾಡಬೇಕು. ಮನೆಯೊಳಗೆ ಗ್ಯಾರೇಜ್ ಇಲ್ಲದ ಹಳೇ ಬಡಾವಣೆಯವರಿಗೆ ಇದು ಸಣ್ಣ ಮಾತಲ್ಲ. ಅವರ ತಕರಾರನ್ನು ಬರೀ ಸ್ವಾರ್ಥ ಎಂದು ತಳ್ಳಿಹಾಕುವುದು ಸುಲಭ. ಆದರೆ ಲಾಭ ನೂರು ಕಿಲೊಮೀಟರ್ ಉದ್ದಕ್ಕೂ ಹರಡಿರುವಾಗ ನಷ್ಟ ಒಂದೇ ಬೀದಿಯ ನಲವತ್ತು ಮನೆಗಳ ಮೇಲೆ ಬಿದ್ದರೆ, ಸಭೆಗೆ ಬಂದು ಕೂಗುವವರು ಆ ನಲವತ್ತು ಮನೆಯವರೇ ಆಗಿರುತ್ತಾರೆ. ಲಾಭ ಪಡೆಯುವವರು ಅಲ್ಲಿ ಇರುವುದಿಲ್ಲ, ಅವರ ವೋಟು ಬೇರೆ ಊರಲ್ಲಿದೆ.

ಎಸ್ಸೆನ್‌ನ ಎಲ್ಟಿಂಗ್ ಬಡಾವಣೆಯ ಬಳಿ ಕಥೆ ಬೇರೆ. ಅಲ್ಲಿ ಹಳೇ ರೈಲಿನ ಮಣ್ಣಿನ ಏರಿ ಇದೆ. ಅದನ್ನು ಹಾಗೇ ಉಳಿಸಿ ಮೇಲೆ ಸೈಕಲ್ ಬಿಡಬೇಕೋ, ತೆಗೆದು ಹೊಸ ವಸತಿ ಪ್ರದೇಶದ ಜೊತೆ ದಾರಿಯನ್ನು ಹೊಂದಿಸಬೇಕೋ ಎಂಬ ಪ್ರಶ್ನೆ ವರ್ಷಗಟ್ಟಲೆ ಎಳೆಯಿತು. ನಗರಕ್ಕೆ ಮನೆಗಳೂ ಬೇಕು. ಈ ಜಗಳದಲ್ಲಿ ಯಾರೂ ಖಳನಾಯಕರಲ್ಲ. ಆದರೆ ಒಂದು ಊರಿನ ಮಧ್ಯೆ ಎದ್ದ ಪ್ರಶ್ನೆಗೆ ಪೂರ್ವ-ಪಶ್ಚಿಮದ ಊರುಗಳೆಲ್ಲ ಕಾದು ಕೂರಬೇಕಾಯಿತು.

ಒಂದು ತುಂಡು ತಪ್ಪಿದರೆ

ಸಾಲಾಗಿ ಹತ್ತು ಊರುಗಳಿವೆ ಎಂದಿಟ್ಟುಕೊಳ್ಳಿ. ದಾರಿ ಪೂರ್ತಿಯಾಗಿದ್ದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದ ಜೋಡಿಗಳು 45. ಸರಿಯಾಗಿ ನಡುವೆ, ಐದನೇ ಊರಿಗೂ ಆರನೆಯದಕ್ಕೂ ಮಧ್ಯೆ ಒಂದೇ ಒಂದು ತುಂಡು ಆಗಲಿಲ್ಲ ಎನ್ನಿ. ಉಳಿಯುವ ಜೋಡಿಗಳು ಆ ಕಡೆ 10, ಈ ಕಡೆ 10, ಒಟ್ಟು 20. ಒಂಬತ್ತರಲ್ಲಿ ಎಂಟು ತುಂಡು ಕಟ್ಟಿ ಮುಗಿದಿದ್ದರೂ ಸಂಪರ್ಕದ ಅರ್ಧಕ್ಕಿಂತ ಹೆಚ್ಚು ಹೋಯಿತು. ನಿಜ, ನೂರು ಕಿ.ಮೀ. ದಿನಾ ತುಳಿಯುವವರಿಲ್ಲ, ಹೆಚ್ಚಿನವರದು ಪಕ್ಕದೂರಿನ ಕಚೇರಿ, ಕಾಲೇಜು. ಆದರೆ ತುಂಡು ತಪ್ಪುವುದು ಸಾಮಾನ್ಯವಾಗಿ ಆ ಎರಡು ಊರುಗಳ ಗಡಿಯಲ್ಲೇ.

ಇದರಿಂದ ಒಂದು ವಿಷಚಕ್ರ ಹುಟ್ಟುತ್ತದೆ. ಬಿಡಿ ತುಂಡಿನಲ್ಲಿ ಓಡಾಟ ಕಡಿಮೆ. ಎಣಿಕೆ ನೋಡಿ ‘ಇಷ್ಟು ಖರ್ಚು ಮಾಡಿದ್ದಕ್ಕೆ ಇಷ್ಟೇ ಜನವೇ’ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯಿಂದ ಮುಂದಿನ ತುಂಡಿನ ಅನುದಾನ ತಡವಾಗುತ್ತದೆ. ತಡವಾದಷ್ಟೂ ಕಬ್ಬಿಣ, ಸಿಮೆಂಟು, ಕೂಲಿ ಎಲ್ಲ ಏರಿ ವೆಚ್ಚ ಹೆಚ್ಚುತ್ತದೆ. 2014ರ ಅಂದಾಜನ್ನು ಈಗ ಯಾರೂ ನಂಬುವುದಿಲ್ಲ.

ನೆರೆಯವರು ಬೇರೆ ದಾರಿ ಹಿಡಿದರು

ಡೆನ್ಮಾರ್ಕಿನ ಕೋಪನ್‌ಹೇಗನ್ ಸುತ್ತಲ ಪುರಸಭೆಗಳು ಇದನ್ನು ತಲೆಕೆಳಗು ಮಾಡಿದವು. ಎಲ್ಲರೂ ಸೇರಿ ಒಂದು ಚಿಕ್ಕ ಜಂಟಿ ಕಚೇರಿ ತೆರೆದರು. ರಸ್ತೆ ಆಯಾ ಪುರಸಭೆಯದ್ದೇ, ಕಟ್ಟುವುದೂ ಅವರೇ. ಕಚೇರಿಯ ಕೆಲಸ ಗುಣಮಟ್ಟ ಹೊಂದಿಸುವುದು, ಸೂಚನಾ ಫಲಕ ಒಂದೇ ಥರ ಇಡುವುದು, ಕೇಂದ್ರದ ಅನುದಾನಕ್ಕೆ ಒಟ್ಟಾಗಿ ಅರ್ಜಿ ಹಾಕುವುದು, ಎಣಿಕೆ ಮಾಡಿ ಪ್ರಕಟಿಸುವುದು. 2012ರಲ್ಲಿ ಆಲ್ಬರ್ಟ್ಸ್‌ಲುಂಡ್‌ನಿಂದ ರಾಜಧಾನಿಗೆ ಬರುವ ಮೊದಲ ದಾರಿ ತೆರೆಯಿತು; ಅದು ಐದು ಪುರಸಭೆಗಳನ್ನು ದಾಟುತ್ತದೆ. ಹೊಸದಾಗಿ ಕಟ್ಟಿದ್ದು ಕಡಿಮೆ. ಇದ್ದ ಪಥಗಳನ್ನೇ ಜೋಡಿಸಿ, ತಪ್ಪಿದ ಕೊಂಡಿ ಸೇರಿಸಿ, ದೀಪ ಹಾಕಿ, ಗಾಳಿ ಪಂಪು ಇಟ್ಟರು. ದಾರಿ ಬೇಗ ಬಂತು, ಆದರೆ ಒಂದೊಂದು ಊರಲ್ಲಿ ಒಂದೊಂದು ಗುಣಮಟ್ಟ. ಯಾವುದಾದರೂ ಪುರಸಭೆ ‘ಈ ವರ್ಷ ಆಗದು’ ಎಂದರೆ ಒತ್ತಾಯಿಸುವ ಅಧಿಕಾರ ಆ ಕಚೇರಿಗೆ ಇಲ್ಲ.

ನೆದರ್ಲೆಂಡ್ಸ್‌ನ ಆರ್ನೆಮ್-ನೈಮೇಖನ್ ನಡುವಿನ ಸುಮಾರು 16 ಕಿ.ಮೀ. ದಾರಿ 2015ರಲ್ಲಿ ತೆರೆಯಿತು. ಎರಡು ನಗರ, ಮಧ್ಯೆ ಎರಡು ಸಣ್ಣ ಪುರಸಭೆ. ಆ ಪ್ರದೇಶಕ್ಕೇ ಒಂದು ಪ್ರಾದೇಶಿಕ ಸಂಸ್ಥೆಯಿತ್ತು, ಅದರ ಕೈಯಲ್ಲಿ ಸಾರಿಗೆಯ ದುಡ್ಡೂ ಇತ್ತು. ರೂರ್‌ಗೆ ಹೋಲಿಸಿದರೆ ಉದ್ದ ಆರರಲ್ಲಿ ಒಂದು ಪಾಲು, ಹೋಲಿಕೆ ಪೂರ್ತಿ ನ್ಯಾಯವಲ್ಲ. ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ: ಅಲ್ಲಿ ಯೋಜಿಸುವವರೂ ದುಡ್ಡು ಕೊಡುವವರೂ ಒಂದೇ ಕಟ್ಟಡದಲ್ಲಿದ್ದರು. ರೂರ್ ಒಕ್ಕೂಟಕ್ಕೆ ಕನಸು ಕಾಣುವ ಅಧಿಕಾರವಿತ್ತು, ಕಟ್ಟುವ ಅಧಿಕಾರ ಇರಲಿಲ್ಲ.

ಈ ಮೂರರಲ್ಲಿ ಯಾವುದು ಮೇಲು ಎಂದು ಕೇಳಿದರೆ, ಅವಸರಕ್ಕೆ ಕೋಪನ್‌ಹೇಗನ್ ಮಾದರಿಯೇ ವಾಸಿ ಎನ್ನುತ್ತೇನೆ. ಮೊದಲು ಒರಟಾಗಿಯಾದರೂ ಜೋಡಿಸಿ, ಜನ ಬಳಸಲು ಶುರು ಮಾಡಿದ ಮೇಲೆ ಸುಧಾರಿಸುವುದು ಅದರ ಕ್ರಮ. ಇದಕ್ಕೆ ಎದುರಾದ ವಾದವೂ ಗಟ್ಟಿಯೇ: ಒಮ್ಮೆ ಕಳಪೆ ದಾರಿ ಬಂದರೆ ಅದೇ ಖಾಯಂ ಆಗಿಬಿಡುತ್ತದೆ, ಮತ್ತೆ ದುಡ್ಡು ಯಾರೂ ಕೊಡುವುದಿಲ್ಲ. ನಡೆಯುವವರ ಎರಡು ಮೀಟರ್ ಪಟ್ಟಿ ಮೊದಲು ಮಾಯವಾಗುವುದೂ ಇಂಥ ರಾಜಿಯಲ್ಲೇ.

ನಮ್ಮ ಕಡೆ ಗಡಿಗಳು ಹೆಚ್ಚುತ್ತಿವೆ

ಕರ್ನಾಟಕಕ್ಕೆ ಈ ಪ್ರಶ್ನೆ ದೂರದ್ದಲ್ಲ. 2020ರಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್.ಪುರದ ಕಡೆಗೆ ಕಂಬ ನೆಟ್ಟು ತಾತ್ಕಾಲಿಕ ಸೈಕಲ್ ಪಥ ಮಾಡಿದ್ದರು. ಬೈಕು, ಆಟೊ, ಆಮೇಲೆ ಮೆಟ್ರೊ ಕಾಮಗಾರಿಯ ನಡುವೆ ಅದು ಅಳಿಸಿಹೋಯಿತು. ಆಗ ಇಡೀ ನಗರಕ್ಕೆ ಒಂದೇ ಪಾಲಿಕೆ ಇತ್ತು. 2025ರ ಸೆಪ್ಟೆಂಬರಿನಿಂದ ಐದಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ. ಅದೇ ದಾರಿಯನ್ನು ಈಗ ಮತ್ತೆ ಮಾಡಹೊರಟರೆ ಒಂದಕ್ಕಿಂತ ಹೆಚ್ಚು ಪಾಲಿಕೆಗಳ ಗಡಿ ದಾಟಬೇಕು. ಜೊತೆಗೆ ಸಂಚಾರ ಪೊಲೀಸ್, ಮೆಟ್ರೊ ನಿಗಮ, ಬೆಸ್ಕಾಂ, ಜಲಮಂಡಳಿ. ರೂರ್‌ನಲ್ಲಿ ಊರುಗಳ ಗಡಿ ಹಿಂದಿನಿಂದ ಬಂದದ್ದು. ನಮ್ಮದು ನಾವೇ ಹೊಸದಾಗಿ ಎಳೆದುಕೊಂಡದ್ದು.

ಹುಬ್ಬಳ್ಳಿ-ಧಾರವಾಡದ ಸ್ಥಿತಿಯೂ ಇದಕ್ಕೆ ಹತ್ತಿರ. ಎರಡು ಊರುಗಳ ನಡುವೆ ಸುಮಾರು 22 ಕಿ.ಮೀ. ಉದ್ದದ ‘ಚಿಗರಿ’ ಬಸ್ ಮಾರ್ಗ ಬಂದದ್ದು ಅದಕ್ಕೆಂದೇ ಒಂದು ಕಂಪನಿ ಮಾಡಿದ್ದರಿಂದ. ಈ ಬಿಆರ್‌ಟಿಎಸ್ (ತ್ವರಿತ ಬಸ್ ಸಾರಿಗೆ) ಬಗ್ಗೆ ದೂರುಗಳು ಬೇಕಾದಷ್ಟಿವೆ, ಆದರೆ ದೂರು ಹೇಳಲು ಒಂದು ವಿಳಾಸವಾದರೂ ಇದೆ. ಅದರ ಪಕ್ಕದಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ ಅಂಥದೊಂದು ಯಜಮಾನಿಕೆ ಇಲ್ಲ. ಧಾರವಾಡಕ್ಕೆ ಪ್ರತ್ಯೇಕ ಪಾಲಿಕೆ ಮಾಡಲು 2025ರ ಜನವರಿಯಲ್ಲಿ ಸಚಿವ ಸಂಪುಟ ಒಪ್ಪಿದೆ. ಅದು ಕಾರ್ಯರೂಪಕ್ಕೆ ಬಂದರೆ ಮಧ್ಯದ ಯಾವುದೋ ಕೂಡುರಸ್ತೆಯ ಫುಟ್‌ಪಾತ್ ಎರಡು ಪಾಲಿಕೆಗಳ ಬಜೆಟ್‌ಗಳ ನಡುವೆ ಬೀಳುತ್ತದೆ.

ಬೆಂಗಳೂರಿಗೆ ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆ ಈಗಾಗಲೇ ಇದೆ. ಬೇರೆ ಬೇರೆ ಸಂಸ್ಥೆಗಳ ಕೈಯಲ್ಲಿ ಹಂಚಿಹೋದ ಸಂಚಾರವನ್ನು ಒಟ್ಟಾಗಿ ಯೋಜಿಸುವುದೇ ಅದರ ಉದ್ದೇಶ. ಆದರೆ ಯೋಜಿಸುವುದು ಒಂದು, ಗಡಿಯ ಮೇಲಿನ ಸಿಗ್ನಲ್‌ನಲ್ಲಿ ನಡೆಯುವವರಿಗೆ ಹತ್ತು ಸೆಕೆಂಡ್ ಹೆಚ್ಚು ಕೊಡಿಸುವುದು, ಅಲ್ಲಿನ ಮುರಿದ ಚಪ್ಪಡಿ ಬದಲಿಸುವ ಬಿಲ್ ಯಾರಿಗೆ ಹೋಗಬೇಕೆಂದು ತೀರ್ಮಾನಿಸುವುದು ಇನ್ನೊಂದು. ಮುಂದೆ ಯಾವುದೇ ಸೈಕಲ್ ದಾರಿಯ ಘೋಷಣೆ ಬಂದರೂ ಇಷ್ಟು ಕಿಲೊಮೀಟರ್, ಇಷ್ಟು ಕೋಟಿ ಎಂಬ ಲೆಕ್ಕ ಮೊದಲ ಪುಟದಲ್ಲೇ ಇರುತ್ತದೆ. ಗಡಿಯ ಕೂಡುರಸ್ತೆಗಳ ಪಟ್ಟಿ, ಒಂದೊಂದರ ಎದುರು ಹೊಣೆ ಹೊರುವ ಕಚೇರಿಯ ಹೆಸರು ಡಿಪಿಆರ್‌ನಲ್ಲಿ (ವಿವರವಾದ ಯೋಜನಾ ವರದಿ) ಇವೆಯೇ ಎಂದು ಟೆಂಡರ್ ಕರೆಯುವ ಮುಂಚೆ ನೋಡಬೇಕು. ರೂರ್‌ನಲ್ಲಿ ಆ ಹೊಣೆ ಹಂಚುವ ಕಾನೂನು ಬಂದದ್ದು ಮೊದಲ ತುಂಡಿನ ಉದ್ಘಾಟನೆ ಮುಗಿದ ಮರುವರ್ಷ.